ಚೀನೀ ಕವಿತೆಯಲ್ಲಿ ಹಳೆಯ ಹೆಸರುಗಳು

ಪ್ರಾಚೀನ ಚೀನೀ ಕಾವ್ಯವನ್ನು ಕುರಿತು ನಮ್ಮ ವಾಚಕರಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಅಭಿಪ್ರಾಯಗಳುಂಟು. ಅನುವಾದಗಳ ಮೂಲಕ ಓದಿ ಮೆಚ್ಚಿದವರು ಅದು ತಿಳಿನೀರಿನಷ್ಟು ಸರಳವಾದದ್ದೆಂದು ಹೇಳುತ್ತಾರೆ. ಒಂದು ಬೆಟ್ಟ, ಒಂದಿಷ್ಟು ಮಂಜು, ದೋಣಿಯೊಂದು, ಬೆಳುದಿಂಗಳು, ಅಗಲಿಹೋದ ಗೆಳೆಯ. ಇಷ್ಟರಲ್ಲಿಯೇ ಕವಿತೆ ಮುಗಿಯಿತು. ಮೂಲದ ಹತ್ತಿರ ಹೋಗಬೇಕೆಂದು ಹೊರಟು, ವಿದ್ವಾಂಸರ ಟಿಪ್ಪಣಿಗಳಿಂದ ಕೂಡಿದ ಸಂಪುಟವೊಂದನ್ನು ತೆರೆದವರ ಅನುಭವ ಬೇರೆ. ಅಲ್ಲಿ ಹೆಜ್ಜೆಗೊಂದು ಹೆಸರು, ಹೆಸರಿಗೊಂದು ಕಥೆ. ಎಂಟು ಪಂಕ್ತಿಯ ಪದ್ಯಕ್ಕೆ ಎರಡು ಪುಟದ ವ್ಯಾಖ್ಯಾನ. ಎರಡು ಮಾತೂ ಒಂದೇ ಕಾವ್ಯವನ್ನು ಕುರಿತವು ಎಂದರೆ ನಂಬುವುದು ಕಷ್ಟ. ಆದರೆ ಇದರಲ್ಲಿ ಒಗಟೇನೂ ಇಲ್ಲ. ಮೊದಲ ಗುಂಪಿನವರ ಕೈಗೆ ಪದ್ಯ ಬರುವ ಮುನ್ನವೇ ಯಾರೋ ಅದರೊಳಗಿನ ಹೆಸರುಗಳನ್ನು ಆರಿಸಿ ತೆಗೆದಿರುತ್ತಾರೆ; ಇಲ್ಲವೆ ಹೆಸರುಗಳು ಕಡಿಮೆ ಇರುವ ಪದ್ಯಗಳನ್ನೇ ಆರಿಸಿಕೊಂಡಿರುತ್ತಾರೆ.

ಈ ಹೆಸರು ಹೇಳಿ ಕಥೆಯನ್ನು ನೆನಪಿಸುವ ಪದ್ಧತಿಗೆ ಚೀನೀಯರು ‘ದಿಯನ್‌ಗು’ ಎನ್ನುತ್ತಾರೆ. ನಾವು ಕಥಾಸೂಚನೆ ಎನ್ನಬಹುದು. ಕನ್ನಡಿಗನಿಗೆ ಈ ಪದ್ಧತಿಯನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಬಾಯಿಬಡಿಕನೊಬ್ಬನನ್ನು ಉತ್ತರಕುಮಾರನೆಂದರೆ ಸಾಕು, ವಿರಾಟನ ಅರಮನೆಯಿಂದ ಹಿಡಿದು ರಥದಿಂದ ಧುಮುಕಿ ಓಡಿದವರೆಗಿನ ಕಥೆಯೆಲ್ಲ ಕೇಳುವವನ ಮನಸ್ಸಿನಲ್ಲಿ ಸುಳಿಯುತ್ತದೆ. ಶಬರಿಯಂತೆ ಕಾದೆ ಎಂದು ಹೆಂಗಸೊಬ್ಬಳು ಹೇಳಿದರೆ ಅವಳು ಕಾಲವನ್ನಷ್ಟೇ ಅಳೆಯುತ್ತಿಲ್ಲ. ನಮಗೆ ಚೀನಾದ ಕಥೆಗಳು ಗೊತ್ತಿಲ್ಲ ಎಂಬುದು ನಿಜ; ಆದರೆ ಕಥೆಯೊಂದು ಹೆಸರಿನೊಳಗೆ ಹೇಗೆ ಮುದುಡಿ ಕುಳಿತಿರುತ್ತದೆ ಎಂಬುದು ಗೊತ್ತು. ಇಷ್ಟು ಅನುಕೂಲವಿದ್ದೂ ನಾವು ಈ ಕಾವ್ಯವನ್ನು ಹೆಚ್ಚಾಗಿ ಇಂಗ್ಲಿಷಿನ ಮೂಲಕವೇ, ಇಂಗ್ಲಿಷಿನ ಓದುಗರಿಗೆ ಒಗ್ಗುವಂತೆ ಹದಮಾಡಿದ ರೂಪದಲ್ಲಿಯೇ ಪಡೆದಿದ್ದೇವೆ. ಆರ್ಥರ್ ವೇಲಿಯವರು 1918ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಂಗ್ರಹದ ಪೀಠಿಕೆಯಲ್ಲಿ ಕಥಾಸೂಚನೆಯನ್ನು ಚೀನೀ ಕಾವ್ಯದ ಹುಟ್ಟುದೋಷವೆಂಬಂತೆ ಕಂಡಿದ್ದಾರೆ. ಕೊನೆಗೆ ಕಾವ್ಯ ನಾಶವಾದದ್ದೂ ಅದರಿಂದಲೇ ಎಂದು ತೀರ್ಪು ಕೊಟ್ಟಿದ್ದಾರೆ. ಆ ಸಂಗ್ರಹದ ಎರಡನೆಯ ಭಾಗವನ್ನೆಲ್ಲ ಅವರು ಸರಳತೆಗೆ ಹೆಸರಾದ ಬಾಯ್ ಜುಯಿಗೆ ಮೀಸಲಿಟ್ಟರು. ವೇಲಿಯವರ ಉಪಕಾರ ದೊಡ್ಡದು. ಆದರೆ ಅವರ ಈ ತೀರ್ಪನ್ನು ನಾವು ಹಾಗೆಯೇ ಒಪ್ಪಿಕೊಳ್ಳಬೇಕಾದದ್ದಿಲ್ಲ.

ಒಂದು ಪದ್ಯವನ್ನು ತೆಗೆದುಕೊಂಡು ನೋಡೋಣ. ಕಾಲ 759. ತಾಂಗ್ ಸಾಮ್ರಾಜ್ಯ ಆನ್ ಲುಶಾನನ ದಂಗೆಯಿಂದ ತತ್ತರಿಸುತ್ತಿದೆ. ಕವಿ ದು ಫು (712–770) ಅಧಿಕಾರವನ್ನು ಬಿಟ್ಟು, ವಾಯವ್ಯದ ಗಡಿಯ ಬಳಿ ಚಿನ್‌ಝೌ ಊರಿನಲ್ಲಿ ಸಂಸಾರದೊಡನೆ ಬಡತನದಲ್ಲಿದ್ದಾನೆ. ಅವನಿಗಿಂತ ಹನ್ನೊಂದು ವರ್ಷ ಹಿರಿಯನಾದ ಗೆಳೆಯ ಲಿ ಬಾಯ್ ರಾಜದ್ರೋಹದ ಅಪವಾದಕ್ಕೆ ಸಿಕ್ಕಿದ್ದಾನೆ. ಚಕ್ರವರ್ತಿಯ ತಮ್ಮನಾದ ಯುಂಗ್ ರಾಜಕುಮಾರ ದಂಗೆಯ ಗೊಂದಲದಲ್ಲಿ ತನ್ನದೇ ಸೇನೆ ಕಟ್ಟಿದಾಗ ಲಿ ಬಾಯ್ ಅವನ ಪರಿವಾರದಲ್ಲಿದ್ದ; ರಾಜಕುಮಾರ ಸೋತು ಸತ್ತ; ಕವಿ ಸೆರೆಮನೆ ಸೇರಿ, ಅನಂತರ ದೂರದ ಯೆಲಾಂಗ್ ಸೀಮೆಗೆ ಗಡೀಪಾರಾದ. ಅದೇ ವರ್ಷ ದಾರಿಯಲ್ಲಿಯೇ ಅವನಿಗೆ ಕ್ಷಮೆ ದೊರೆಯಿತು. ಆದರೆ ಆ ಸುದ್ದಿ ದು ಫುವಿಗೆ ತಲುಪಿರಲಿಲ್ಲ. ಗೆಳೆಯನನ್ನು ನೆನೆದು ಅವನು ಬರೆದ ಎಂಟು ಪಂಕ್ತಿಯ ಪದ್ಯವೊಂದರಲ್ಲಿ, ಅನ್ಯಾಯಕ್ಕೆ ಗುರಿಯಾಗಿ ಸತ್ತವನೊಬ್ಬನ ಆತ್ಮದೊಡನೆ ನೀನು ಮಾತನಾಡುತ್ತಿರಬೇಕು, ಮಿಲುವೊ ನದಿಗೆ ಪದ್ಯವೊಂದನ್ನು ಒಪ್ಪಿಸುತ್ತಿರಬೇಕು ಎಂಬ ಭಾವ ಬರುತ್ತದೆ.

ಕಥೆ ತಿಳಿಯದವನಿಗೆ ಇದೊಂದು ವಿಚಿತ್ರ ಕಲ್ಪನೆ. ತಿಳಿದವನಿಗೆ ಮಿಲುವೊ ಎಂದೊಡನೆ ಚೂ ಯುವಾನ್ ನೆನಪಾಗುತ್ತಾನೆ. ಚೂ ರಾಜ್ಯದ ನಿಷ್ಠ ಮಂತ್ರಿ, ಚಾಡಿಕೋರರ ಮಾತು ಕೇಳಿದ ದೊರೆಯಿಂದ ಹೊರದೂಡಲ್ಪಟ್ಟವನು, ಕ್ರಿ. ಪೂ. 278ರ ಸುಮಾರಿಗೆ ಆ ನದಿಯಲ್ಲಿ ಮುಳುಗಿ ಪ್ರಾಣಬಿಟ್ಟನೆಂದು ಐತಿಹ್ಯ. ಚೀನಾದಲ್ಲಿ ಹೆಸರು ತಿಳಿದಿರುವ ಮೊದಲ ಮಹಾಕವಿ ಅವನೇ. ಆದರೆ ನದಿಗೆ ಪದ್ಯ ಒಪ್ಪಿಸುವ ಮಾತು ಚೂ ಯುವಾನನದಲ್ಲ. ಅವನ ಕಾಲಕ್ಕೆ ನೂರು ವರ್ಷಗಳ ಮೇಲೆ ಹಾನ್ ಆಸ್ಥಾನದ ಪ್ರತಿಭಾವಂತ ತರುಣ ಜಿಯಾ ಯಿ, ಹಿರಿಯ ಅಧಿಕಾರಿಗಳ ಹೊಟ್ಟೆಕಿಚ್ಚಿನಿಂದ ಚಾಂಗ್‌ಶಾಗೆ ದೂಡಲ್ಪಟ್ಟಾಗ, ಚೂ ಯುವಾನನನ್ನು ಕುರಿತು ಶೋಕಗೀತವನ್ನು ಬರೆದು ಶ್ಯಾಂಗ್ ನದಿಯಲ್ಲಿ ತೇಲಿಬಿಟ್ಟ. ಇತಿಹಾಸಕಾರ ಸಿಮಾ ಚಿಯೆನ್ ತನ್ನ ಮಹಾಗ್ರಂಥದಲ್ಲಿ ಶತಮಾನದ ಅಂತರವಿರುವ ಈ ಇಬ್ಬರ ಚರಿತ್ರೆಯನ್ನೂ ಒಂದೇ ಅಧ್ಯಾಯದಲ್ಲಿ ಸೇರಿಸಿದ. ಅವನಾದರೂ ಯಾರು? ಸೋತ ಸೇನಾಪತಿಯೊಬ್ಬನ ಪರವಾಗಿ ಒಂದು ಮಾತು ಆಡಿದ್ದಕ್ಕೆ ಚಕ್ರವರ್ತಿಯಿಂದ ಅಂಗಚ್ಛೇದನದ ಶಿಕ್ಷೆಯನ್ನು ಅನುಭವಿಸಿದವನು.

ದು ಫು ಎರಡು ಮಾತುಗಳಲ್ಲಿ ಲಿ ಬಾಯನನ್ನು ಈ ಸಾಲಿನ ಕೊನೆಯಲ್ಲಿ ತಂದು ನಿಲ್ಲಿಸಿದ್ದಾನೆ. ನೋಡಿ, ಅವನು ಏನು ಹೇಳಿದ ಹಾಗಾಯಿತು! ನನ್ನ ಗೆಳೆಯ ದ್ರೋಹಿಯಲ್ಲ. ಅವನ ಮೇಲೆ ಬಂದದ್ದು ಚಾಡಿ. ಅವನನ್ನು ದೂಡಿದ ಆಸ್ಥಾನ ಹಿಂದೆ ಚೂ ಯುವಾನನನ್ನು ದೂಡಿದ ಆಸ್ಥಾನದಂಥದು. ಇದನ್ನು ಬಿಚ್ಚುಮಾತಿನಲ್ಲಿ ಬರೆದಿದ್ದರೆ ಗಡೀಪಾರಿನ ದಾರಿಯಲ್ಲಿ ಇನ್ನೊಬ್ಬ ಕವಿಯೂ ನಡೆಯಬೇಕಾಗುತ್ತಿತ್ತು. ನದಿಯ ಹೆಸರಿನಲ್ಲಿ ಬರೆದದ್ದರಿಂದ ಅದು ಗೆಳೆಯನ ಮೇಲಿನ ಅಕ್ಕರೆಯ ಪದ್ಯವಾಗಿ ಉಳಿಯಿತು. ಈಗ ಅನುವಾದಕನೊಬ್ಬ ವಾಚಕರಿಗೆ ತೊಂದರೆಯಾಗದಿರಲೆಂದು ಮಿಲುವೊ ಎಂಬುದನ್ನು ಕೈಬಿಟ್ಟು ‘ನದಿ’ ಎಂದಷ್ಟೇ ಬರೆದರೆ ಹೋದದ್ದು ಅಲಂಕಾರವೊಂದೇ ಅಲ್ಲ. ಕವಿ ಅಪಾಯವನ್ನು ಮೈಮೇಲೆಳೆದುಕೊಂಡು ಹೇಳಿದ ಮಾತೇ ಹೋಯಿತು.

ಇಲ್ಲಿ ನಮ್ಮ ಕಾವ್ಯಕ್ಕೂ ಅವರದಕ್ಕೂ ಇರುವ ಭೇದವೊಂದನ್ನು ಗಮನಿಸಬೇಕು. ವರ್ತಮಾನವನ್ನು ಹಿಂದಿನ ಕಥೆಯ ಮೂಲಕ ಹೇಳುವುದು ನಮಗೆ ಹೊಸದಲ್ಲ. 941ರಲ್ಲಿ ಪಂಪ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿದ. ರನ್ನ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡ. ಅವು ರಾಜನ ಎದುರಿನಲ್ಲಿ, ರಾಜನ ಮೆಚ್ಚಿಕೆಗಾಗಿ ಆದ ಸಮೀಕರಣಗಳು. ಆಧಾರ ಪುರಾಣಕಾಲದ ವೀರರು. ಚೀನೀ ಕವಿ ಪುರಾಣವನ್ನು ಬಿಟ್ಟವನಲ್ಲ. ಅಮೃತವನ್ನು ಕದ್ದು ಚಂದ್ರಲೋಕಕ್ಕೆ ಹಾರಿ ಅಲ್ಲಿ ಒಂಟಿಯಾದ ಚಾಂಗ್‌ಅ ಅವನಿಗೆ ಪ್ರಿಯಳು. ನಮ್ಮ ಚಂದ್ರನಲ್ಲಿರುವಂತೆ ಅವರ ಚಂದ್ರನಲ್ಲಿಯೂ ಮೊಲವುಂಟು. ಆದರೆ ಅವನು ಹೆಚ್ಚಾಗಿ ಕೈಯಿಕ್ಕುವುದು ತೇದಿಯುಳ್ಳ ಇತಿಹಾಸಕ್ಕೆ. ಅದೂ ಎಷ್ಟೋ ಸಾರಿ ಹೊಗಳುವುದಕ್ಕಲ್ಲ, ತಪ್ಪು ತೋರಿಸುವುದಕ್ಕೆ. ಬಾಯ್ ಜುಯಿ 806ರಲ್ಲಿ ಚಕ್ರವರ್ತಿ ಶ್ವೆನ್‌ಝುಂಗ್ ಮತ್ತು ಯಾಂಗ್ ರಾಣಿಯರ ದುರಂತಪ್ರೇಮವನ್ನು ದೀರ್ಘ ಕವನವಾಗಿ ಬರೆದ. ಮಾವೆಯ್ ಎಂಬಲ್ಲಿ ಸೈನಿಕರ ಒತ್ತಾಯಕ್ಕೆ ಮಣಿದು ಚಕ್ರವರ್ತಿ ಆಕೆಯನ್ನು ಸಾಯಗೊಟ್ಟು ಆಗಿನ್ನೂ ಐವತ್ತು ವರ್ಷ. ಸಿಂಹಾಸನದಲ್ಲಿದ್ದವನು ಅದೇ ವಂಶದವನು. ಕವಿ ಏನು ಮಾಡಿದ? ತನ್ನ ಕವನದ ಆರಂಭದಲ್ಲಿ ಅರಸನನ್ನು ಹಾನ್ ಚಕ್ರವರ್ತಿ ಎಂದು ಕರೆದುಬಿಟ್ಟ. ಅದು ಎಲ್ಲರಿಗೂ ಗೊತ್ತಿದ್ದ ತೆರೆ, ತೆರೆಯಾದರೂ ಇತ್ತಲ್ಲ. ಅದರಲ್ಲಿ ಇನ್ನೊಂದು ಜಾಣತನವೂ ಉಂಟು. ಹಾನ್ ಚಕ್ರವರ್ತಿ ವು, ಸತ್ತ ಪ್ರಿಯೆಯ ಛಾಯೆಯನ್ನು ಮಾಂತ್ರಿಕನಿಂದ ಕರೆಸಿ ನೋಡಿದನೆಂಬ ಕಥೆಯಿದೆ. ಬಾಯ್ ಜುಯಿಯ ಕವನದ ಕೊನೆಯಲ್ಲಿಯೂ ಮಾಂತ್ರಿಕನೊಬ್ಬ ರಾಣಿಯ ಆತ್ಮವನ್ನು ಹುಡುಕುತ್ತ ಹೋಗುತ್ತಾನೆ. ಮೊದಲಿಗೆ ಹೇಳಿದ ಒಂದು ಹೆಸರು ಕೊನೆಯವರೆಗೆ ಕೆಲಸಮಾಡುತ್ತದೆ. ಸರಳಕವಿಯೆಂದು ವೇಲಿ ಮೆಚ್ಚಿದವನ ಕಥೆಯೇ ಹೀಗೆ.

ಇದೆಲ್ಲ ಓದುಗರಿಗೆ ತಿಳಿಯುತ್ತಿತ್ತೆ ಎಂದು ಕೇಳಬಹುದು. ಬರೆಯುವವರೂ ಓದುವವರೂ ಒಂದೇ ಪಾಠಪಟ್ಟಿಯನ್ನು ಬಾಯಿಪಾಠ ಮಾಡಿ ಬೆಳೆದವರು. ತಾಂಗ್ ಕಾಲದಲ್ಲಿ ಅಧಿಕಾರಿಗಳ ಆಯ್ಕೆಯ ಪರೀಕ್ಷೆಯಲ್ಲಿ ಪದ್ಯರಚನೆಯೂ ಸೇರಿತ್ತು. ನೆನಪಿಗೆ ಸಹಾಯವಾಗಿ ವಿಷಯಾನುಕ್ರಮದ ಕೋಶಗಳಿದ್ದವು. ಚಕ್ರವರ್ತಿಯ ಅಪ್ಪಣೆಯಿಂದ 624ರಲ್ಲಿ ಸಿದ್ಧವಾದ ‘ಯಿವೆನ್ ಲೇಜು’ ನೂರು ಸುರುಳಿಗಳ ಗ್ರಂಥ. ಚಂದ್ರ, ಮಳೆ, ಬೆಟ್ಟ ಎಂದು ಹುಡುಕಿದರೆ ಆಯಾ ವಿಷಯದ ಹಳೆಯ ಸಂಗತಿಗಳೂ ಪದ್ಯಗಳೂ ಅಲ್ಲಿ ಸಾಲಾಗಿ ದೊರೆಯುತ್ತವೆ. ಪರೀಕ್ಷಾರ್ಥಿಗಳ ಕೈಯಲ್ಲಿ ಇಂಥ ಪುಸ್ತಕಗಳು ಏನಾಗುತ್ತವೆಂಬುದನ್ನು ನಮ್ಮ ಅಧ್ಯಾಪಕರಿಗೆ ಹೇಳಬೇಕಾದ್ದಿಲ್ಲ.

ಒಂದೇ ಕಥೆ ಕವಿಯಿಂದ ಕವಿಗೆ ಹೇಗೆ ಬಣ್ಣ ಬದಲಾಯಿಸುತ್ತದೆಂಬುದಕ್ಕೆ ವಾಂಗ್ ಝಾವೋಜುನಳಿಗಿಂತ ಒಳ್ಳೆಯ ನಿದರ್ಶನವಿಲ್ಲ. ಇತಿಹಾಸ ಹೇಳುವುದು ಸ್ವಲ್ಪವೇ: ಹಾನ್ ಅಂತಃಪುರದ ಈ ಹೆಣ್ಣನ್ನು ಕ್ರಿ. ಪೂ. 33ರಲ್ಲಿ ಉತ್ತರದ ಷ್ಯುಂಗ್‌ನು ಜನಾಂಗದ ಒಡೆಯನಿಗೆ ಮದುವೆಮಾಡಿ ಕೊಡಲಾಯಿತು. ಚಿತ್ರಕಾರನ ಕಥೆ ಆಮೇಲೆ ಬಂದು ಸೇರಿದ್ದು. ಚಕ್ರವರ್ತಿ ಚಿತ್ರಗಳನ್ನು ನೋಡಿ ಹೆಂಗಸರನ್ನು ಆರಿಸುತ್ತಿದ್ದನಂತೆ. ಲಂಚ ಕೊಡದ ಝಾವೋಜುನಳನ್ನು ಚಿತ್ರಕಾರ ಕುರೂಪವಾಗಿ ಬರೆದನಂತೆ. ಬೀಳ್ಕೊಡುವ ದಿನ ಅವಳ ಚೆಲುವನ್ನು ಕಣ್ಣಾರೆ ಕಂಡ ಚಕ್ರವರ್ತಿ ಹಲುಬಿ, ಚಿತ್ರಕಾರನ ತಲೆ ತೆಗೆಸಿದನಂತೆ. ಯೋಗ್ಯತೆಯಿದ್ದೂ ದೊರೆಯ ಕಣ್ಣಿಗೆ ಬೀಳದ ಪ್ರತಿಯೊಬ್ಬ ಅಧಿಕಾರಿಗೂ ಈ ಕಥೆ ತನ್ನದೇ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ. 766ರಲ್ಲಿ ಆಕೆಯ ಹುಟ್ಟೂರಿನ ಸೀಮೆಗೆ ಸಮೀಪದ ಕ್ವೆಯ್‌ಝೌನಲ್ಲಿದ್ದ ದು ಫು ಆಕೆಯ ದುಃಖದಲ್ಲಿ ತನ್ನ ವನವಾಸವನ್ನೇ ಕಂಡ.

ಮುನ್ನೂರು ವರ್ಷಗಳ ಮೇಲೆ, 1059ರಲ್ಲಿ, ವಾಂಗ್ ಆನ್‌ಶಿ ಅದೇ ಕಥೆಯನ್ನು ತಿರುಗಿಸಿ ಹಿಡಿದ. ನಿಜವಾದ ಚೆಲುವು ಯಾವ ಕುಂಚಕ್ಕೂ ಸಿಗುವಂಥದಲ್ಲ, ಆದ್ದರಿಂದ ಚಿತ್ರಕಾರ ಸತ್ತದ್ದು ಅನ್ಯಾಯ ಎಂದ. ಅಷ್ಟಕ್ಕೇ ಬಿಡಲಿಲ್ಲ, ಮನಸ್ಸನ್ನು ಅರಿತವರು ಎಲ್ಲಿದ್ದರೆ ಅಲ್ಲಿ ಸುಖ, ಹಾನ್ ಅರಮನೆಯಾದರೇನು, ಗಡಿಯಾಚೆಯ ಗುಡಾರವಾದರೇನು ಎಂಬ ಅರ್ಥ ಬರುವಂತೆ ಬರೆದ. ಉತ್ತರದ ಕಿತಾನರ ಭಯದಲ್ಲಿದ್ದ ಸುಂಗ್ ರಾಜ್ಯದಲ್ಲಿ ಈ ಮಾತು ಸಣ್ಣದಾಗಿರಲಿಲ್ಲ. ಉತ್ತರಾರ್ಧವೆಲ್ಲ ಪರರ ವಶವಾದ ಮೇಲೆ ಬಂದ ವಿಮರ್ಶಕರು ಇದರಲ್ಲಿ ದೇಶದ್ರೋಹದ ವಾಸನೆಯನ್ನೇ ಹಿಡಿದರು. ಮಂಗೋಲರ ಆಳ್ವಿಕೆಯಲ್ಲಿ ಬರೆದ ಮಾ ಝಿಯುವಾನ್ ತನ್ನ ನಾಟಕದಲ್ಲಿ ಆಕೆಯನ್ನು ಗಡಿಯನ್ನು ದಾಟಗೊಡದೆ ನದಿಗೆ ಹಾರಿಸಿಬಿಟ್ಟ. 1978ರಲ್ಲಿ ಸಾವೊ ಯು ಪ್ರಕಟಿಸಿದ ನಾಟಕದಲ್ಲಿಯಾದರೋ ಆಕೆ ಜನಾಂಗಗಳ ಸ್ನೇಹಕ್ಕಾಗಿ ತಾನಾಗಿಯೇ ಮುಂದೆ ಬಂದ ಹೆಣ್ಣು. ಹೆಸರು ಅದೇ, ಯಾರು, ಯಾವಾಗ ಉಚ್ಚರಿಸಿದರು ಎಂಬುದನ್ನು ನೋಡಿ ಅರ್ಥಮಾಡಬೇಕು.

ಹೆಸರು ಕವಿಗೆ ಆಶ್ರಯವಾದಂತೆ ಉರುಳೂ ಆಗಬಲ್ಲುದು. 1079ರಲ್ಲಿ ಸು ಶಿಯನ್ನು ಹುಝೌ ನಗರದ ಅಧಿಕಾರಸ್ಥಾನದಿಂದಲೇ ಬಂಧಿಸಿ ರಾಜಧಾನಿಗೆ ಒಯ್ದರು. ಅಪರಾಧ, ಪದ್ಯಗಳಲ್ಲಿ ಸರ್ಕಾರದ ಹೊಸ ಧೋರಣೆಗಳನ್ನು ಹಂಗಿಸಿದ್ದು. ಕಾಗೆಗಳು ಗೂಡುಕಟ್ಟಿದ್ದ ಮರಗಳಿಂದಾಗಿ ಕಾಗೆಗಳ ಕಟ್ಟೆಯೆಂದು ಹೆಸರಾಗಿದ್ದ ಆ ವಿಚಾರಣಾಲಯದಲ್ಲಿ ಸುಮಾರು ನಾಲ್ಕು ತಿಂಗಳು ಅವನ ಪದ್ಯಗಳ ಪಾಠ ನಡೆಯಿತೆನ್ನಬಹುದು. ಈ ಹೆಸರು ಯಾರದು, ಈ ಕಥೆ ಎಲ್ಲಿಯದು, ಇಲ್ಲಿ ಯಾರನ್ನು ಕುರಿತದ್ದು ಎಂದು ಅವನ ಬಾಯಿಂದಲೇ ಅರ್ಥ ಬಿಡಿಸಿ ಬರೆಸಿಕೊಂಡರು. ಆ ದಾಖಲೆ ಉಳಿದುಬಂದಿದೆ. ಮಹಾಕವಿಯೊಬ್ಬ ತನ್ನ ಕಾವ್ಯಕ್ಕೆ ತಾನೇ ಬರೆದ ಟಿಪ್ಪಣಿ, ಸೆರೆಮನೆಯಲ್ಲಿ! ಹಳೆಯ ಮರವೊಂದರ ಬೇರು ಪಾತಾಳಕ್ಕಿಳಿದು ಅಲ್ಲಿಯ ಡ್ರ್ಯಾಗನ್ನಿಗೆ ಮಾತ್ರ ತಿಳಿದಿದೆ ಎಂದು ಅವನು ಬರೆದದ್ದನ್ನು ಹಿಡಿದು, ಡ್ರ್ಯಾಗನ್ ಎಂದರೆ ಚಕ್ರವರ್ತಿ, ಅದನ್ನು ಪಾತಾಳದಲ್ಲಿ ಹುಡುಕುವವನು ದ್ರೋಹಿ ಎಂದು ಮಂತ್ರಿಯೊಬ್ಬ ವಾದಿಸಿದನಂತೆ. ಡ್ರ್ಯಾಗನ್ ಎಂದು ಪ್ರಜೆಗಳನ್ನೂ ಕರೆದದ್ದುಂಟು, ಮಹಾಮಂತ್ರಿ ಝೂಗೆ ಲಿಯಾಂಗನಿಗೆ ಮಲಗಿದ ಡ್ರ್ಯಾಗನ್ ಎಂಬ ಬಿರುದಿರಲಿಲ್ಲವೆ ಎಂದು ಚಕ್ರವರ್ತಿಯೇ ಉತ್ತರ ಕೊಟ್ಟನೆಂದು ಆ ಕಾಲದವರ ಟಿಪ್ಪಣಿಗಳಲ್ಲಿದೆ. ಕಥಾಸೂಚನೆಯಿಂದ ಬಂದ ಆಪತ್ತು ಕಥಾಸೂಚನೆಯಿಂದಲೇ ಸರಿಯಿತು. ಸು ಶಿ ಬದುಕಿ ಹುವಾಂಗ್‌ಝೌಗೆ ಗಡೀಪಾರಾದ.

ಮಿಂಗ್ ಕಾಲದ ಕವಿ ಗಾವೊ ಚಿಗೆ ಆ ಭಾಗ್ಯವಿರಲಿಲ್ಲ. ಸುಝೌ ನಗರದ ಕಚೇರಿಯ ಕಟ್ಟಡಕ್ಕಾಗಿ ಬರೆದುಕೊಟ್ಟ ಮಂಗಳವಾಕ್ಯದಲ್ಲಿ ರಾಜಧಾನಿಗೆ ಸಲ್ಲುವ ಹಳೆಯ ನುಡಿಗಟ್ಟೊಂದು ಬಂದದ್ದೇ ನೆಪವಾಗಿ 1374ರಲ್ಲಿ ಅವನ ದೇಹವನ್ನು ಸೊಂಟದಲ್ಲಿ ಕಡಿಸಿದರು. ಇಪ್ಪತ್ತನೆಯ ಶತಮಾನಕ್ಕೆ ಬಂದರೂ ಈ ಓದಿನ ರೀತಿ ಬಿಡಲಿಲ್ಲ. ಮಿಂಗ್ ಕಾಲದ ನಿಷ್ಠುರ ಅಧಿಕಾರಿ ಹಾಯ್ ರೂಯಿಯನ್ನು ಕುರಿತು ಇತಿಹಾಸಕಾರ ವು ಹಾನ್ ಬರೆದ ನಾಟಕ 1961ರಲ್ಲಿ ರಂಗವೇರಿತು. ಅದು ಹಿಂದಿನದನ್ನು ಹೇಳಿ ಇಂದಿನವರನ್ನು ಹಂಗಿಸುವ ಕೃತಿಯೆಂದು 1965ರ ನವೆಂಬರಿನಲ್ಲಿ ಷಾಂಘೈ ಪತ್ರಿಕೆಯೊಂದು ಆರೋಪಿಸಿತು. ಸಾಂಸ್ಕೃತಿಕ ಕ್ರಾಂತಿಯ ಮೊದಲ ಕಿಡಿ ಅದು. ವು ಹಾನ್ 1969ರಲ್ಲಿ ಸೆರೆಯಲ್ಲಿ ತೀರಿಕೊಂಡರು.

ಹಾಗಾದರೆ ಕಥಾಸೂಚನೆಗಳೆಲ್ಲ ಹೀಗೆ ಪ್ರಾಣವನ್ನು ಪಣವಾಗಿಟ್ಟು ಆಡಿದ ಮಾತುಗಳೆ? ಖಂಡಿತ ಅಲ್ಲ. ಕೋಶವನ್ನು ಪಕ್ಕದಲ್ಲಿಟ್ಟುಕೊಂಡು ಹೊಸೆದ ಪದ್ಯಗಳ ರಾಶಿ ಚೀನಾದಲ್ಲಿ ಬೆಟ್ಟದಷ್ಟಿದೆ. ಭಾವವನ್ನು ಹಾಡುವ ಪದ್ಯಕ್ಕೆ ಹಳೆಯ ಸಂಗತಿಗಳ ಹೇರೇಕೆ ಎಂದು ಆರನೆಯ ಶತಮಾನದ ವಿಮರ್ಶಕ ಝುಂಗ್ ರುಂಗ್ ಆಗಲೇ ಕೇಳಿದ್ದ. 1917ರ ಜನವರಿಯಲ್ಲಿ ಹು ಶಿ ‘ಹೊಸ ಯೌವನ’ ಪತ್ರಿಕೆಯಲ್ಲಿ ಸಾಹಿತ್ಯಸುಧಾರಣೆಗೆಂದು ಮುಂದಿಟ್ಟ ಎಂಟು ಸೂತ್ರಗಳಲ್ಲಿ ಕಥಾಸೂಚನೆ ಬೇಡ ಎಂಬುದೂ ಒಂದು. ಸ್ವಾರಸ್ಯವೆಂದರೆ ಆ ಸೂತ್ರವನ್ನು ವಿವರಿಸಹೊರಟ ಹು ಶಿಯವರೇ ಒಳ್ಳೆಯ ಸೂಚನೆ, ಕೆಟ್ಟ ಸೂಚನೆ ಎಂದು ವಿಂಗಡಿಸಿ ಹಲವನ್ನು ಉಳಿಸಿಕೊಳ್ಳಬೇಕಾಯಿತು. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಅದು ಸತ್ತ ಹೆಸರುಗಳ ಮೇಲಿನ ಸಿಟ್ಟು. ಸ್ವಂತವಾಗಿ ಹೇಳಲು ಏನೂ ಇಲ್ಲದವನು ಚೂ ಯುವಾನನ ಹೆಸರೆತ್ತುವುದು ಬೇರೆ, ಗೆಳೆಯನ ಪ್ರಾಣಕ್ಕಾಗಿ ಹೆದರಿ ಕುಳಿತ ದು ಫು ಎತ್ತುವುದು ಬೇರೆ.

ಕನ್ನಡಕ್ಕೆ ಈ ಕವಿತೆಗಳನ್ನು ತರುವವರನ್ನು ನಾವು ಕೇಳಿಕೊಳ್ಳುವುದು ಇಷ್ಟು: ಹೆಸರುಗಳನ್ನು ಕೈಬಿಡಬೇಡಿ. ಪದ್ಯದ ಕೆಳಗೆ ಎರಡು ಸಾಲು ಕಥೆ ಬರೆಯಿರಿ. ಕುಮಾರವ್ಯಾಸನನ್ನು ಓದುವಾಗ ಅರ್ಥಕೋಶಕ್ಕೆ ಕೈಚಾಚಲು ಬೇಸರಪಡದ ನಮ್ಮ ವಾಚಕರು ಇಷ್ಟಕ್ಕೆ ಬೇಸರಪಡರು. ನಮ್ಮ ನೆಲದಿಂದಲೇ ಹೋದ ಹೆಸರುಗಳೂ ಅಲ್ಲಿ ಎದುರಾಗುತ್ತವೆ. ಪ್ರಕೃತಿಕವಿಯೆಂದು ನಾವು ಮೆಚ್ಚುವ ವಾಂಗ್ ವೆಯ್ ತನಗಿಟ್ಟುಕೊಂಡ ಇನ್ನೊಂದು ಹೆಸರು ಮೋಜಿಯೆ. ವೆಯ್ ಎಂಬುದಕ್ಕೆ ಅದನ್ನು ಸೇರಿಸಿದರೆ ವೆಯ್‌ಮೋಜಿಯೆ. ಎಂದರೆ, 406ರಲ್ಲಿ ಕುಮಾರಜೀವ ಚೀನೀ ಭಾಷೆಗೆ ತಂದ ಬೌದ್ಧಸೂತ್ರದ ನಾಯಕ, ವೈಶಾಲಿಯ ಗೃಹಸ್ಥ ವಿಮಲಕೀರ್ತಿ. ಸಂಸಾರದಲ್ಲಿದ್ದೇ ವೈರಾಗ್ಯ ಸಾಧಿಸಿದವನ ಹೆಸರನ್ನು ಹೊತ್ತ ಕವಿಯ ಬೆಟ್ಟ, ಮಂಜು, ಮೌನಗಳನ್ನು ಬರಿಯ ನಿಸರ್ಗವರ್ಣನೆಯೆಂದು ಓದಿ ಮುಗಿಸಬಹುದೆ?

ಕಷ್ಟಗಳಿಲ್ಲವೆಂದಲ್ಲ. ಲಿ ಶಾಂಗ್‌ಯಿನ್ (ಸು. 813–858) ಬರೆದ ತಂತಿವಾದ್ಯದ ಪದ್ಯದಲ್ಲಿ ಕೋಗಿಲೆಯ ಜಾತಿಗೆ ಸೇರಿದ ಹಕ್ಕಿಯೊಂದು ಬರುತ್ತದೆ. ಶು ನಾಡಿನ ಹಳೆಯ ದೊರೆ ವಾಂಗ್‌ದಿ ರಾಜ್ಯವನ್ನು ಬಿಟ್ಟುಕೊಟ್ಟು ಸತ್ತು ಆ ಹಕ್ಕಿಯಾದನಂತೆ. ರಕ್ತ ಕಾರುವವರೆಗೆ ಕೂಗುತ್ತದಂತೆ. ಊರಿಗೆ ಮರಳುವುದೇ ಲೇಸು ಎಂದು ಅದರ ಕೂಗಿನಲ್ಲಿ ಪರದೇಶದ ಚೀನೀಯನಿಗೆ ಕೇಳಿಸುತ್ತದೆ. ಅದನ್ನು ಕನ್ನಡದಲ್ಲಿ ಕೋಗಿಲೆ ಎಂದು ಬರೆದೊಡನೆ ಮಾವಿನ ಚಿಗುರು, ವಸಂತ, ಮನ್ಮಥ ಎಲ್ಲರೂ ಕರೆಯದೆ ಬಂದು ಕೂಡುತ್ತಾರೆ. ವಿರಹಿಯನ್ನು ನೋಯಿಸುವ ಕೋಗಿಲೆ ನಮ್ಮಲ್ಲಿಯೂ ಇದೆಯಾದರೂ ಕಳೆದುಕೊಂಡ ರಾಜ್ಯಕ್ಕಾಗಿ ಅಳುವ ಕೋಗಿಲೆಯಿಲ್ಲ. ಇಲ್ಲಿ ವಾಂಗ್‌ದಿಯ ಹೆಸರನ್ನು ಉಳಿಸಿಕೊಂಡರೆ ಹಕ್ಕಿ ಚೀನಾದ್ದಾಗಿಯೇ ಉಳಿಯುತ್ತದೆ. ಬಿಟ್ಟರೆ ಅದು ನಮ್ಮ ಮಾವಿನ ಮರಕ್ಕೆ ಹಾರಿಹೋಗುತ್ತದೆ.

ಹುವಾಂಗ್‌ಝೌಗೆ ಹೋದ ಸು ಶಿ ಅಲ್ಲಿ ಪೂರ್ವದ ಇಳಿಜಾರಿನ ಪಾಳುನೆಲವನ್ನು ಉತ್ತು, ಆ ಇಳಿಜಾರಿನ ಹೆಸರನ್ನೇ ತನಗಿಟ್ಟುಕೊಂಡು ದುಂಗ್‌ಪೊ ಆದ. 1082ರಲ್ಲಿ ಯಾಂಗ್‌ತ್ಸೆ ನದಿಯ ದಡದ ಕೆಂಪು ಬಂಡೆಯ ಕೆಳಗೆ ನಿಂತು, 208ರ ಕೆಂಬಂಡೆಯ ಕಾಳಗದಲ್ಲಿ ಸಾವೊ ಸಾವೊನ ಹಡಗುಪಡೆ ಬೆಂದುಹೋದದ್ದನ್ನೂ, ಮೂವತ್ತನಾಲ್ಕರ ತರುಣ ಸೇನಾಪತಿ ಝೌ ಯುವಿನ ಗೆಲುವನ್ನೂ, ಪದಚ್ಯುತನಾಗಿ ತಲೆ ನರೆತ ತನ್ನನ್ನೂ ಒಟ್ಟಿಗೆ ನೆನೆದು ಹಾಡಿದ. ಕಾಳಗ ನಡೆದದ್ದು ಅಲ್ಲಲ್ಲ; ಸಾಕಷ್ಟು ಮೇಲೆ, ನದಿ ಹರಿದುಬರುವ ದಿಕ್ಕಿನಲ್ಲಿ, ಪೂಚಿಯ ಬಳಿ ಎಂಬುದು ಸಾಮಾನ್ಯ ಅಭಿಪ್ರಾಯ. ಕವಿಗೂ ಸಂಶಯವಿದ್ದಿರಬೇಕು, ಸ್ಥಳದ ಮಾತನ್ನು ಅವನು ಜನರ ಬಾಯಿಗೆ ಹಾಕಿದ್ದಾನೆ. ಪೂಚಿ ನಗರಕ್ಕೆ 1998ರಲ್ಲಿ ಕೆಂಬಂಡೆಯೆಂದೇ ಅಧಿಕೃತವಾಗಿ ಹೆಸರಿಟ್ಟರು. ಹುವಾಂಗ್‌ಝೌನ ಬಂಡೆಯನ್ನು ಜನ ಇಂದು ದುಂಗ್‌ಪೊನ ಕೆಂಬಂಡೆ ಎನ್ನುತ್ತಾರೆ.